ಹಾಜರಿ ಪುಸ್ತಕದಲ್ಲಿಲ್ಲದ ಹೆಸರುಗಳು

ಗಣಿ ಕೆಲಸ ಕಳೆದುಕೊಂಡವರಿಗೆ ಪರಿಹಾರ ಕೊಡಿ ಎಂದು ಸಂಡೂರು, ಹೊಸಪೇಟೆ ಕಡೆಯ ಕಾರ್ಮಿಕರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಗಣಿಯಿಂದ ಹಾಳಾದ ಊರುಗಳನ್ನು ಸರಿಪಡಿಸಲೆಂದು ಸುಪ್ರೀಂ ಕೋರ್ಟಿನ ಆದೇಶದಂತೆ ಕೂಡಿಟ್ಟ ಹಣ ಸಾವಿರಾರು ಕೋಟಿ ಇದೆ. ರಸ್ತೆ, ಆಸ್ಪತ್ರೆ, ಕುಡಿಯುವ ನೀರಿನ ಜೊತೆಗೆ ಅದರಲ್ಲಿ ನಮಗೂ ಒಂದು ಪಾಲು ಇರಲಿ ಎಂಬುದು ಅವರ ಮಾತು. ಮೊನ್ನೆ ಇದೇ ವಿಷಯಕ್ಕೆ ಕಂಪ್ಲಿ ಹತ್ತಿರದ ಒಂದು ಹಳ್ಳಿಯಿಂದ ನನಗೆ ಫೋನ್ ಬಂತು. ದನಿ ಗುರುತು ಸಿಗಲಿಲ್ಲ. ಹೆಸರು ಹೇಳಿದ ಮೇಲೂ ಸಿಗಲಿಲ್ಲ. "ಕಾಟಾ ಮನಿ ಹಿಂದ ಜರಡಿ ಹಿಡೀತಿದ್ನೆಲ್ಲಣ್ಣ" ಅಂದಾಗ ಆ ಹುಡುಗನ ಮುಖ, ಕೆಂಪು ಧೂಳಿನಲ್ಲಿ ಬರೀ ಕಣ್ಣು ಹಲ್ಲು ಕಾಣುತ್ತಿದ್ದ ಮುಖ, ಎದುರಿಗೆ ಬಂದು ನಿಂತಿತು.

"ಅರ್ಜಿ ಕೊಡಾಕ ಹೋದ್ರ, ಅಲ್ಲಿ ದುಡಿದಿದ್ದಕ್ಕ ದಾಖಲೆ ಏನೈತಿ ಅಂತ ಕೇಳ್ತಾರ. ನಾನಲ್ಲಿ ಇದ್ದೆ ಅಂತ ಹೇಳೋರು ನಿನ್ನ ಬಿಟ್ರ ಯಾರಿಲ್ಲ. ಒಂದು ಕಾಗದ ಬರಕೊಡಣ್ಣ."

ಬರೆದುಕೊಟ್ಟೆ. ಬರೆಯಲು ಕೂತಾಗಲೇ ಹೊಳೆದದ್ದು: ಅವನೂ ನಾನೂ ದುಡಿದ ಆ ಅದಿರು ಪ್ಲಾಟಿನಲ್ಲಿ ನಾನಿದ್ದೆ ಅನ್ನುವುದಕ್ಕೆ ನನ್ನ ಹತ್ತಿರವೂ ಒಂದು ಚೂರು ಕಾಗದ ಇಲ್ಲ. ನೇಮಕದ ಪತ್ರ ಇಲ್ಲ, ಸಂಬಳದ ಚೀಟಿ ಇಲ್ಲ, ಗುರುತಿನ ಕಾರ್ಡು ಇಲ್ಲ. ದಿನವೂ ಸಾಲುಗಟ್ಟಿ ಬರುತ್ತಿದ್ದ ಲಾರಿಗಳ ನಂಬರು, ತೂಕ, ಬಂದ ಹೊತ್ತು, ಹೋದ ಹೊತ್ತು ಬರೆದ ಕೈ ನನ್ನದು. ಆ ಕೈ ಯಾರದು ಅಂತ ಅಲ್ಲಿ ಯಾರೂ ಬರೆದಿಟ್ಟಿರಲಿಲ್ಲ.

ನಾನು ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತ ಹೊಸಪೇಟೆಗೆ ಬಂದದ್ದು 2005ರಲ್ಲಿ. ನಮ್ಮದು ಕಂಪ್ಲಿ ಸೀಮೆ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಕಾಲುವೆಯ ನೀರು ಇವತ್ತಿಗೂ ಹರಿಯುವ ಗದ್ದೆಯಲ್ಲಿ ಅಪ್ಪ ಪಾಲಿಗೆ ಮಾಡುತ್ತಿದ್ದರು. ಎರಡು ಬೆಳೆ ಬಂದ ವರ್ಷ ಸಾಲ ತೀರುತ್ತಿತ್ತು, ಒಂದೇ ಬಂದರೆ ಬೆಳೆಯುತ್ತಿತ್ತು. ಮಗ ಗದ್ದೆಗೆ ಇಳಿಯದಿರಲಿ ಅಂತ ಓದಿಸಿದವರು ಅವರು. ಆ ಹೊತ್ತಿಗೆ ನಮ್ಮ ಸುತ್ತಲಿನ ಗಾಳಿಯೇ ಬದಲಾಗಿತ್ತು. ಚೀನಾ 2008ರ ಬೀಜಿಂಗ್ ಒಲಿಂಪಿಕ್ಸಿಗೆ ತಯಾರಾಗುತ್ತ ಸಿಕ್ಕಷ್ಟು ಅದಿರು ಕೊಳ್ಳುತ್ತಿತ್ತು. ಸಂಡೂರಿನ ಗುಡ್ಡಗಳಲ್ಲಿ ಮೊದಲು ಯಾರಿಗೂ ಬೇಡವಾಗಿ ಪಕ್ಕಕ್ಕೆ ಸುರಿದಿದ್ದ ಪುಡಿ ಅದಿರಿಗೂ ಬೆಲೆ ಬಂತು. ಅಂಕೋಲಾ–ಗುತ್ತಿ ಹೆದ್ದಾರಿ, ಸೊಲ್ಲಾಪುರ–ಮಂಗಳೂರು ಹೆದ್ದಾರಿ ಎರಡೂ ಹೊಸಪೇಟೆಯಲ್ಲೇ ಕೂಡುತ್ತವೆ. ಬೇಲೆಕೇರಿ, ಮಂಗಳೂರು ಬಂದರುಗಳಿಗೆ ಹೊರಟ ಲಾರಿಗಳು ಹಗಲು ರಾತ್ರಿ ಊರಿನ ಮೈಮೇಲೆ ಹಾದುಹೋಗುತ್ತಿದ್ದವು. ಜೋಳ, ಶೇಂಗಾ ಬೆಳೆಯುತ್ತಿದ್ದ ರಸ್ತೆ ಬದಿಯ ಹೊಲಗಳು ಅದಿರು ರಾಶಿ ಹಾಕುವ ಪ್ಲಾಟುಗಳಾದವು. ಅಂಥದ್ದೊಂದು ಪ್ಲಾಟಿನ ವೇಬ್ರಿಡ್ಜಿನಲ್ಲಿ, ಲಾರಿಯವರೆಲ್ಲ ಕಾಟಾ ಅನ್ನುತ್ತಿದ್ದ ಕಡೆ, ನನಗೆ ಕೆಲಸ ಸಿಕ್ಕಿತು.

ಮಾಲೀಕರು ಕೇಳಿದ್ದು ಎರಡೇ ಪ್ರಶ್ನೆ. "ಕಂಪ್ಯೂಟರ್ ಬರ್ತದೇನು?" "ನಿದ್ದೆ ಗೆಡ್ತೀಯೇನು?" ಎರಡಕ್ಕೂ ಹೂಂ ಅಂದೆ. ತಿಂಗಳಿಗೆ 2,500 ಅಂದರು. ಮೊದಲ ಸಂಬಳ ಕೈಗೆ ಬಂದಾಗ ಅದು 2,200 ಆಗಿತ್ತು. ಮಿಕ್ಕಿದ್ದು ಊಟಕ್ಕೆ ಹಿಡಿದದ್ದಂತೆ. ಊಟವನ್ನು ನಾನು ಮನೆಯಿಂದ ಕಟ್ಟಿಕೊಂಡು ಹೋಗುತ್ತಿದ್ದೆ. ಕೇಳುವ ಧೈರ್ಯ ಬರಲಿಲ್ಲ. ಹೊಸಬ, ಮೊದಲ ಕೆಲಸ, ಊರ ತುಂಬ ಕೆಲಸ ಕೇಳಿಕೊಂಡು ಬಂದ ಹುಡುಗರು.

ಆದರೆ ಸಂಬಳ ಕಡಿಮೆ ಅನ್ನುವುದಕ್ಕಿಂತ ಹೆಚ್ಚಾಗಿ ನನ್ನನ್ನು ಸವೆಸಿದ್ದು ಅಲ್ಲಿನ ಅವ್ಯವಸ್ಥೆ. ಅಲ್ಲಿ ಯಜಮಾನರು ಒಬ್ಬರಲ್ಲ. ಮಾಲೀಕರು, ಅವರ ತಮ್ಮ, ಅವರ ಭಾಮೈದ, ಮೇಲೆ ಬಂಡವಾಳ ಹಾಕಿದ ಒಬ್ಬ ಪಾಲುದಾರ. ತಮ್ಮ ಬೆಳಗ್ಗೆ ಬಂದು "ನನ್ನ ಫೋನ್ ಬರೋತನಕ ಒಂದು ಗಾಡಿನೂ ಬಿಡಬ್ಯಾಡ" ಅಂತ ಹೇಳಿ ಹೋಗುವರು. ಭಾಮೈದ ಮಧ್ಯಾಹ್ನ ಬಂದು "ಯಾಕ ನಿಲ್ಲಿಸೀಯಲೇ ಇಷ್ಟು ಗಾಡಿ?" ಅಂತ ಎಲ್ಲರೆದುರು ಬಯ್ಯುವರು. ಕರೆಂಟು ಹೋದರೆ ಜನರೇಟರಿಗೆ ಡೀಸೆಲ್ ಇರುತ್ತಿರಲಿಲ್ಲ. ಡೀಸೆಲ್ ಬಂದ ದಿನ ಪ್ರಿಂಟರಿನ ರಿಬ್ಬನ್ ಮುಗಿದಿರುತ್ತಿತ್ತು. ಹಿಂದೆ ಲಾರಿಗಳ ಸಾಲು ಹೆದ್ದಾರಿ ಮುಟ್ಟುವುದು, ಟ್ರಿಪ್ ಹಾಳಾದ ಸಿಟ್ಟಿಗೆ ಡ್ರೈವರುಗಳು ಬಂದು ಕಾಟಾ ಮನೆಯ ಕಿಟಕಿ ಗುದ್ದುವರು. ಬೈಗುಳ ತಿನ್ನುವವರು ಕಿಟಕಿಯ ಒಳಗಿದ್ದ ನಾವು. ಒಂದು ದಿನವೂ ಯಾರೂ ಕೂರಿಸಿಕೊಂಡು, ನಿನ್ನ ಕೆಲಸ ಇದು, ಇಷ್ಟಕ್ಕೆ ನೀನು ಜವಾಬ್ದಾರ, ಇದರಾಚೆಗಿನದಕ್ಕೆ ಇಂಥವರನ್ನು ಕೇಳು ಅಂತ ಹೇಳಲಿಲ್ಲ.

ಸಂಬಳಕ್ಕೆ ತಾರೀಖು ಇರಲಿಲ್ಲ. ಕೇಳಿದರೆ "ಶಿಪ್ ಲೋಡ್ ಆಗ್ಲಿ ತಡಿ" ಅನ್ನುವರು. ಬೇಲೆಕೇರಿಯ ಕಡಲನ್ನೇ ನೋಡದ ನಾವು ಅಲ್ಲಿಗೆ ಹಡಗು ಬಂತೇ ಅಂತ ವಿಚಾರಿಸುತ್ತ ಬದುಕಿದೆವು. ಹಡಗು ಬಂದರೆ ಕಾರು ಬರುತ್ತಿತ್ತು. ಕಾರಿನ ಬಾನೆಟ್ ಮೇಲೆ ನೋಟಿನ ಕಟ್ಟು ಇಟ್ಟುಕೊಂಡು ಹೆಸರು ಕರೆದು ಕೊಡುವರು. ಒಬ್ಬರಿಗೆ ಪೂರ್ತಿ, ಒಬ್ಬರಿಗೆ ಅರ್ಧ, ಇನ್ನೊಬ್ಬರಿಗೆ "ಮುಂದಿನ ಸಲ". ಯಾರಿಗೆ ಎಷ್ಟು ಬಾಕಿ ಅನ್ನುವ ಲೆಕ್ಕ ಅವರ ತಲೆಯಲ್ಲಿತ್ತು, ಸಹಿ ಮಾಡಲು ಪುಸ್ತಕ ಇರಲಿಲ್ಲ. ಸಣ್ಣ ಕೆಲಸದ ಜಾಗದಲ್ಲೂ ತಿಂಗಳು ಮುಗಿದ 7 ದಿನದೊಳಗೆ ಕೂಲಿ ಕೈಗೆ ಬರಬೇಕು ಅಂತ 1936ರಷ್ಟು ಹಳೆಯ ಕಾಯಿದೆಯೇ ಹೇಳುತ್ತಿತ್ತು. ನನಗದು ಗೊತ್ತಾದದ್ದು ಆ ಕೆಲಸ ಬಿಟ್ಟ ಮೇಲೆ.

ನನ್ನ ಸ್ಥಿತಿಯೇ ಹೀಗಿದ್ದರೆ ಕಾಟಾ ಮನೆಯ ಹಿಂದೆ ದುಡಿಯುತ್ತಿದ್ದವರದ್ದು ಹೇಳುವಂತಿರಲಿಲ್ಲ. ರಾಯಚೂರು, ಕೊಪ್ಪಳದ ಕಡೆಯಿಂದ ಬಂದ ಸಂಸಾರಗಳು. ಹೆಂಗಸರು ಸುತ್ತಿಗೆ ಹಿಡಿದು ದಪ್ಪ ಅದಿರನ್ನು ಒಡೆಯುತ್ತಿದ್ದರು, ಗಂಡಸರು ಜರಡಿ ಹಿಡಿದು ಗಟ್ಟಿ ಬೇರೆ ಪುಡಿ ಬೇರೆ ಮಾಡುತ್ತಿದ್ದರು. ಕೂಲಿ ಮೇಸ್ತ್ರಿಯ ಕೈಯಲ್ಲಿ. ತಗಡು, ಗೋಣಿಚೀಲ, ಪ್ಲಾಸ್ಟಿಕ್ ಹಾಳೆಯ ಗುಡಿಸಲು. ಸೀರೆಯ ಬಣ್ಣ ಯಾವುದಿದ್ದರೂ ವಾರದಲ್ಲಿ ಎಲ್ಲ ಒಂದೇ ಕೆಂಪು. ಅನ್ನದ ಮೇಲೂ ಧೂಳು ಕೂರುತ್ತಿತ್ತು. ಹೆಂಗಸರಿಗೆ ಮರೆ ಅನ್ನುವುದು ಕತ್ತಲೊಂದೇ. ಫೋನ್ ಮಾಡಿದ ಹುಡುಗ ಇವರಲ್ಲೊಬ್ಬ. ಅವನದೊಂದು ವಿದ್ಯೆ ಇತ್ತು. ಲಾರಿ ಕಾಟಾ ಹತ್ತುವ ಮೊದಲೇ ಹಿಂದಿನ ಟಯರು ಎಷ್ಟು ಕುಗ್ಗಿದೆ ಅಂತ ನೋಡಿ ತೂಕ ಹೇಳುತ್ತಿದ್ದ. ಪರದೆಯ ಮೇಲೆ ಬರುವ ಅಂಕಿ ಅವನು ಹೇಳಿದ್ದಕ್ಕಿಂತ ಬಹಳ ಆಚೆ ಈಚೆ ಇರುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ.

ಇನ್ನೊಬ್ಬರು ನಮ್ಮ ಗುಮಾಸ್ತರು. ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಆಯುಷ್ಯ ಕಳೆದು, ಅದು ಮುಚ್ಚಿದ ಮೇಲೆ ವಯಸ್ಸಾದ ಕಾಲಕ್ಕೆ ಇಲ್ಲಿಗೆ ಬಂದವರು. ಕಾಟಾ ಕೆಲಸವನ್ನು ನನಗೆ ಕಲಿಸಿದವರು ಅವರು ಒಬ್ಬರೇ. ಖಾಲಿ ಗಾಡಿ ತೂಗುವಾಗ ಕ್ಯಾಬಿನ್ನಿನಲ್ಲಿ ಎಷ್ಟು ಜನ ಕೂತಿದ್ದಾರೆ ನೋಡು, ಡೀಸೆಲ್ ಟ್ಯಾಂಕು ತುಂಬಿದೆಯೋ ಇಲ್ಲವೋ ನೋಡು, ಕಾಟಾದ ಹಾಸಿನ ಕೆಳಗೆ ಕಲ್ಲು ಸಿಕ್ಕಿಕೊಂಡಿದೆಯೇ ಬಗ್ಗಿ ನೋಡು. ಮಳೆಗಾಲದಲ್ಲಿ ಲಾರಿಯ ಹಿಂಬದಿ ಹತ್ತಿ ಒಂದು ಹಿಡಿ ಪುಡಿ ಅದಿರು ತೆಗೆದುಕೊಂಡು ಮುಷ್ಟಿ ಬಿಗಿಯುತ್ತಿದ್ದರು. ಕೈ ಬಿಡಿಸಿದಾಗ ಅದು ಉಂಡೆಯಾಗಿ ನಿಂತರೆ "ನೀರು ಕುಡದೈತಿ" ಅನ್ನುವರು. ಉದುರಿದರೆ ತಲೆಯಾಡಿಸಿ ಇಳಿಯುವರು. ಆಮೇಲೆ ಅದೇ ಕೈಯನ್ನು ಪಂಚೆಗೆ ಒರೆಸಿಕೊಂಡು ಅಂದವಾದ ಅಕ್ಷರದಲ್ಲಿ ಬರೆಯುವರು. ನಾನು ಇವತ್ತಿಗೂ ಅಂಕಿ ಬರೆಯುವ ರೀತಿ ಅವರದ್ದೇ.

ಕಾಟಾ ತೋರಿಸುವ ತೂಕ ಒಂದು, ಪರ್ಮಿಟ್ಟಿನಲ್ಲಿರುವ ತೂಕ ಇನ್ನೊಂದು ಅನ್ನುವುದು ಅಲ್ಲಿ ಸಣ್ಣ ಹುಡುಗರಿಗೂ ಗೊತ್ತಿತ್ತು. ಪರ್ಮಿಟ್ ಪುಸ್ತಕ ನಮ್ಮ ಕೈಗೆ ಬರುತ್ತಿರಲಿಲ್ಲ. ಅದಕ್ಕೆ ಪೇಟೆಯ ಆಫೀಸಿನಿಂದ ಬೇರೆ ಹುಡುಗ ಬರುತ್ತಿದ್ದ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಗಳು 2008ರಲ್ಲಿ, ಮತ್ತೆ 2011ರಲ್ಲಿ ಬಂದಾಗ ನಾಡೆಲ್ಲ ಬೆಚ್ಚಿ ಓದಿತು. ಓವರ್‌ಲೋಡು, ಪರ್ಮಿಟ್ ಇಲ್ಲದ ಸಾಗಣೆ, ಗಡಿ ಮೀರಿದ ಗಣಿ. ನಾನು ಓದಿದಾಗ ಬೆಚ್ಚಲಿಲ್ಲ, ಮೈ ಭಾರವಾಯಿತು. ಆ ಪುಟಗಳ ಹಿಂದಿನ ಧೂಳು ನನ್ನ ಮೂಗಿನಲ್ಲಿ ಹೋಗಿಬಂದದ್ದು.

ಒಂದು ರಾತ್ರಿ ಪಾಳಿಯಲ್ಲಿ ಗುಮಾಸ್ತರೇ ಮಾತು ತೆಗೆದರು. "ಇಲ್ಲಿ ನೀ ಕಲಿಯೋದು ಮುಗೀತಪ. ಇನ್ನ ಇದ್ದೆ ಅಂದ್ರ ಸಣ್ಣವನಾಗ್ತಿ." ನೀವು ಅಂತ ಕೇಳಿದೆ. "ನನಗ ಇನ್ನೆಲ್ಲಿ ಕೊಡ್ತಾರ? ಮಗಳ ಮದುವಿ ಸಾಲ ಐತಿ" ಅಂದು ಸುಮ್ಮನಾದರು. ಆಮೇಲೆ ಸ್ವಲ್ಪ ದಿನಕ್ಕೆ ತೋರಣಗಲ್ಲು ಕಡೆ ಅದಿರು ಹಾಕುತ್ತಿದ್ದ ಒಬ್ಬ ಡ್ರೈವರು ಸುದ್ದಿ ತಂದ. ಅಲ್ಲಿನ ಉಕ್ಕಿನ ಕಾರ್ಖಾನೆಯ ಯಾರ್ಡಿನಲ್ಲಿ ಕಾಟಾಕ್ಕೆ ಹುಡುಗರನ್ನು ತೆಗೆದುಕೊಳ್ಳುತ್ತಿದ್ದಾರೆ, ಡಿಗ್ರಿ ಆಗಿರಬೇಕು, ಅರ್ಜಿ ಇಂಥ ಗೇಟಿನಲ್ಲಿ ಕೊಡಬೇಕು. ಅವನು ಹೇಳದಿದ್ದರೆ ನನ್ನ ಬದುಕಿನ ದಾರಿ ಯಾವ ಕಡೆ ಹೊರಳುತ್ತಿತ್ತೋ. ಅವನ ಹೆಸರು ಕೂಡ ನಾನು ಕೇಳಿಟ್ಟುಕೊಳ್ಳಲಿಲ್ಲ. ಲಾರಿ ನಂಬರು ಮಾತ್ರ ನೆನಪಿದೆ.

2007ರಲ್ಲಿ ಬಿಟ್ಟೆ. ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. ಊರ ಹುಡುಗರೆಲ್ಲ ಓದು ಬಿಟ್ಟು, ಗದ್ದೆ ಬಿಟ್ಟು, ಅದಿರಿನ ಕಡೆ ಓಡುತ್ತಿದ್ದ ಕಾಲ ಅದು. ಲಾರಿ ಕೊಂಡವನು ಮೂರು ವರ್ಷದಲ್ಲಿ ಮನೆ ಕಟ್ಟಿದ ಉದಾಹರಣೆ ಪ್ರತಿ ಓಣಿಯಲ್ಲೂ ಇತ್ತು. "ಅಲ್ಲೇ ಇದ್ರ ಇವತ್ತಲ್ಲ ನಾಳೆ ಸಾವ್ಕಾರ್ರು ಕೈ ಹಿಡೀತಾರ" ಅಂತ ಅಮ್ಮ. ಮಾಲೀಕರಿಗೆ ಹೇಳಿದಾಗ ಅವರು ತಲೆ ಎತ್ತಲಿಲ್ಲ. "ಹೋಗೋದಾದ್ರ ಹೋಗು. ಬಾಕಿ ಆಮ್ಯಾಲ ನೋಡೋಣ." ಎರಡು ತಿಂಗಳ ಸಂಬಳ ಬಾಕಿ ಇತ್ತು. ಅದು ಬರಲೇ ಇಲ್ಲ.

ಹೊಸ ಕಡೆಯೂ ಅದೇ ಅದಿರು, ಅದೇ ಲಾರಿಗಳು, ಎಷ್ಟೋ ಸಲ ಅದೇ ಡ್ರೈವರುಗಳು. ಕೆಲಸವೂ ಅದೇ ತೂಗುವುದು. ಬದಲಾದದ್ದು ಉಳಿದೆಲ್ಲ. ಮೊದಲ ಕೆಲವು ದಿನ ಕಾಟಾ ಮುಟ್ಟಲೇ ಬಿಡಲಿಲ್ಲ. ಒಂದು ಕೋಣೆಯಲ್ಲಿ ಕೂರಿಸಿ ಹೆಲ್ಮೆಟ್ ಹೇಗೆ ಕಟ್ಟಬೇಕು, ಲಾರಿ ಹಿಂದಕ್ಕೆ ಬರುವಾಗ ಎಲ್ಲಿ ನಿಲ್ಲಬಾರದು, ಯಂತ್ರ ತಪ್ಪು ತೋರಿಸಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಹೇಳಿಕೊಟ್ಟರು. ಮೇಲಿನವರು ಒಬ್ಬರೇ. ಅವರು ರಜೆಯಲ್ಲಿದ್ದರೆ ಯಾರು ಅನ್ನುವುದನ್ನು ಗೋಡೆಗೆ ಬರೆದು ಅಂಟಿಸಿದ್ದರು. ಗುಮಾಸ್ತರು ಮುಷ್ಟಿಯಲ್ಲಿ ಹಿಡಿದು ಹೇಳುತ್ತಿದ್ದ ತೇವವನ್ನು ಇಲ್ಲಿ ಪ್ರಯೋಗಾಲಯದಲ್ಲಿ ಒಣಗಿಸಿ ತೂಗಿ ಹೇಳುತ್ತಿದ್ದರು. ಅವರ ಮುಷ್ಟಿ ಎಷ್ಟು ಸರಿ ಇತ್ತು ಅನ್ನುವುದು ನನಗೆ ಖಾತ್ರಿಯಾದದ್ದೂ ಅಲ್ಲೇ. ವಾರಕ್ಕೊಂದು ರಜೆ, ಅದಕ್ಕೂ ಸಂಬಳ. ಮೊದಲ ರಜೆಯ ದಿನ ಏನು ಮಾಡಬೇಕೆಂದೇ ತಿಳಿಯದೆ ಬಸ್ಸು ಹತ್ತಿ ಹಂಪಿಗೆ ಹೋದೆ. ವಿರೂಪಾಕ್ಷ ಗುಡಿಯ ಎದುರಿನ ಬಜಾರಿನಲ್ಲಿ ನಮ್ಮ ದೊಡ್ಡಮ್ಮನ ಮಗ ಒಂದು ಸಣ್ಣ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ. ಹೊಳೆದಂಡೆಗೆ ಹೋಗಿ ಅವನೊಂದಿಗೆ ಸಂಜೆವರೆಗೆ ಕೂತು ಬಂದೆ. ನನ್ನನ್ನು ಯಾರೂ ಹುಡುಕುತ್ತಿಲ್ಲ ಅನ್ನುವ ಆ ನೆಮ್ಮದಿ ಹೊಸದಾಗಿತ್ತು.

ಮೊದಲ ಸಂಬಳದ ಚೀಟಿಯನ್ನು ಊರಿಗೆ ತೆಗೆದುಕೊಂಡು ಹೋದೆ. ಅಪ್ಪ ಗದ್ದೆಯಿಂದ ಬಂದು ಕೈಕಾಲು ತೊಳೆದುಕೊಂಡು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಓದಲು ಬರುತ್ತಿದ್ದದ್ದು ಅಂಕಿ ಮಾತ್ರ. ಬೆರಳು ಕಡಿತದ ಸಾಲಿನ ಮೇಲೆ ನಿಂತಿತು.

"ಇಲ್ಲೂ ಹಿಡಿದಾರಲ್ಲಪ?"

ಅದು ಪಿ.ಎಫ್., ನನ್ನ ಸಂಬಳದಿಂದ ನೂರಕ್ಕೆ 12 ಹಿಡಿದರೆ ಅವರೂ ಅಷ್ಟೇ ಹಾಕುತ್ತಾರೆ, ಅದು ನನ್ನ ಹೆಸರಿನಲ್ಲೇ ಇರುತ್ತದೆ ಅಂತ ಬಿಡಿಸಿ ಹೇಳಿದೆ. ಅಪ್ಪನಿಗೆ ನಂಬಿಕೆ ಬರಲಿಲ್ಲ. ಹಿಡಿದವರು ಮತ್ತೆ ಅಷ್ಟೇ ಸೇರಿಸಿ ಕೊಡುವುದನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಪಾಲಿನ ಹೊಲದ ಲೆಕ್ಕದಲ್ಲಿ ಹಿಡಿದದ್ದು ಹಿಡಿದಂತೆಯೇ. ಮತ್ತೊಮ್ಮೆ ಚೀಟಿ ತೆಗೆದುಕೊಂಡು ಮೇಲ್ಗಡೆ ಬೆರಳಿಟ್ಟು "ಇದು ನಿನ್ನ ಹೆಸರೇನು?" ಅಂತ ಕೇಳಿದರು. ಹೌದು ಅಂದೆ. ಹೆಸರಿನ ಕೆಳಗೆ ಅವರ ಹೆಸರೂ ಇತ್ತು, ತಂದೆಯ ಹೆಸರು ಅಂತ. ಅದನ್ನು ತೋರಿಸಿದೆ. ಅಮ್ಮನನ್ನು ಕರೆದು ಅವಳಿಗೂ ತೋರಿಸಿದರು. ಆ ಚೀಟಿ ಬಹಳ ಕಾಲ ದೇವರ ಗೂಡಿನಲ್ಲಿತ್ತು.

2011ರ ಜುಲೈ 29. ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ, ಅದಿರು ಸಾಗಣೆ ಎರಡನ್ನೂ ಸುಪ್ರೀಂ ಕೋರ್ಟು ನಿಲ್ಲಿಸಿದ ದಿನ. ಅದೇ ದಿನ ಬೆಳಗ್ಗೆ ಹಂಪಿಯ ಬಜಾರಿನಲ್ಲಿ ಬುಲ್ಡೋಜರು ಬಂದು ಕಲ್ಲು ಮಂಟಪಗಳ ಸಾಲಿನಲ್ಲಿದ್ದ ಅಂಗಡಿ ಮನೆಗಳನ್ನು ಕೆಡವಿತು. ದೊಡ್ಡಮ್ಮನ ಮಗ ಪಾತ್ರೆ ಹೊರತೆಗೆದು ರಸ್ತೆಯಲ್ಲಿ ಕೂತಿದ್ದ. ಒಂದೇ ದಿನ, ಇಪ್ಪತ್ತು ಮೂವತ್ತು ಕಿಲೋಮೀಟರಿನೊಳಗೆ, ಗುಡ್ಡದ ಕಡೆ ಒಂದು ಬದುಕು ನಿಂತಿತು, ಹೊಳೆಯ ಕಡೆ ಇನ್ನೊಂದು. ಗಣಿ ನಿಲ್ಲಿಸಿದ್ದು ಸರಿ ಅಂತ ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆ ಗುಡ್ಡಗಳು ಹಾಗೇ ಹೋಗಿದ್ದರೆ ಸಂಡೂರಿನಲ್ಲಿ ಹಸಿರು ಅನ್ನುವುದು ಉಳಿಯುತ್ತಿರಲಿಲ್ಲ. ಹಂಪಿಯ ಮಂಟಪಗಳನ್ನು ಕಾಪಾಡಬೇಕು ಅನ್ನುವುದೂ ಸರಿ. ಆದರೆ ಸರಿಯಾದ ಕೆಲಸ ಮಾಡುವಾಗ ಅಲ್ಲಿ ದುಡಿಯುತ್ತಿದ್ದವರು ಯಾರು, ನಾಳೆ ಅವರು ಏನು ತಿನ್ನುತ್ತಾರೆ ಅಂತ ಎರಡೂ ಕಡೆ ಯಾರೂ ಪಟ್ಟಿ ಮಾಡಿರಲಿಲ್ಲ.

ಅದಿರಿಗೆ ಪಟ್ಟಿ ಆಯಿತು. ಪ್ಲಾಟುಗಳಲ್ಲಿ, ಗಣಿಗಳಲ್ಲಿ ಬಿದ್ದಿದ್ದ ರಾಶಿಗಳ ಲೆಕ್ಕ ತೆಗೆದು, ಅದರಲ್ಲಿ 2.5 ಕೋಟಿ ಟನ್ನನ್ನು ಇ-ಹರಾಜಿನಲ್ಲಿ ಮಾರಲು ಕೋರ್ಟು ಒಪ್ಪಿತು. ಆ ಅದಿರು ನಮ್ಮ ಕಡೆಗೂ ಬಂತು, ನಾನೇ ತೂಗಿದೆ. ಅಷ್ಟರೊಳಗೆ ಅದಿರಿಲ್ಲದೆ ಈ ಭಾಗದ ಕಾರ್ಖಾನೆಗಳು ಉತ್ಪಾದನೆ ಇಳಿಸಿದ್ದವು. ನಾವೂ ಹೆದರಿದ್ದೆವು. ಯಾರ್ಡಿನಲ್ಲಿ ಕೆಲಸವೇ ಇಲ್ಲದ ದಿನಗಳಿದ್ದವು. ಆ ತಿಂಗಳುಗಳಲ್ಲೂ ಸಂಬಳ ತಾರೀಖಿಗೆ ಬಂತು. ಅದೇ ತಿಂಗಳುಗಳಲ್ಲಿ ನಮ್ಮ ಹಳೆಯ ಪ್ಲಾಟಿನ ಗುಡಿಸಲುಗಳು ಒಂದೊಂದಾಗಿ ಖಾಲಿಯಾದವು. ಜರಡಿ ಹುಡುಗ ಗದ್ದೆ ನಾಟಿಗೆ ಅಂತ ಕಂಪ್ಲಿ ಕಡೆ ಹೋದವನು ಅಲ್ಲೇ ನೆಲೆ ನಿಂತ. ಗುಮಾಸ್ತರು ಅದಕ್ಕೂ ಮುಂಚೆಯೇ ತೀರಿಕೊಂಡಿದ್ದರು. ಅವರಿಗೆ ಎಷ್ಟು ತಿಂಗಳ ಬಾಕಿ ಇತ್ತೋ ಅವರೊಬ್ಬರಿಗೇ ಗೊತ್ತಿತ್ತು.

ಬಹಳ ವರ್ಷ ನಾನು ಈ ಕಥೆಯನ್ನು ಬೇರೆ ರೀತಿ ಹೇಳುತ್ತಿದ್ದೆ. ಧೈರ್ಯ ಮಾಡಿದೆ, ಬಿಟ್ಟೆ, ಮೇಲೆ ಬಂದೆ ಅಂತ. ಧೈರ್ಯ ಬೇಕಿತ್ತು, ಸುಳ್ಳಲ್ಲ. ಆದರೆ ಗೇಟಿನಲ್ಲಿ ಅರ್ಜಿಯ ಜೊತೆ ಅಂಟಿಸಲು ನನ್ನ ಹತ್ತಿರ ಅಂಕಪಟ್ಟಿ ಇತ್ತು. ಟಯರು ನೋಡಿ ತೂಕ ಹೇಳುವವನ ಹತ್ತಿರ ಏನಿತ್ತು? ಬಿಟ್ಟು ಹೋಗುವುದು ಅನ್ನುವುದೂ ಅಪ್ಪ ಪಾಲಿನ ಗದ್ದೆ ಮಾಡಿ ನನಗೆ ಕೊಡಿಸಿದ ಒಂದು ಸೌಲಭ್ಯ. ಮಾಲೀಕರ ಬಗ್ಗೆಯೂ ಮೊದಲಿನಷ್ಟು ಸುಲಭವಾಗಿ ಮಾತಾಡಲಾರೆ. ಲಾರಿ ಬುಕಿಂಗ್ ಮಾಡಿಕೊಂಡಿದ್ದವರು, ಇದ್ದಕ್ಕಿದ್ದಂತೆ ಕೋಟಿಗಳ ವ್ಯವಹಾರದ ನಡುವೆ ಬಿದ್ದವರು. ನೂರು ಜನರನ್ನು ದುಡಿಸುವುದು ಹೇಗೆಂದು ಅವರಿಗೂ ಯಾರೂ ಕಲಿಸಿರಲಿಲ್ಲ. ಗಣಿ ನಿಂತ ಮೇಲೆ ಕಂತು ಕಟ್ಟಲಾಗದೆ ಅವರ ಲಾರಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಒಮ್ಮೆ ಹೊಸಪೇಟೆಯ ಮದುವೆಯೊಂದರಲ್ಲಿ ಸಿಕ್ಕಾಗ ನನ್ನ ಕೈ ಹಿಡಿದು "ಚೆನ್ನಾಗಿದ್ದೀಯೇನಪ" ಅಂದರು. ಕೈ ನಡುಗುತ್ತಿತ್ತು. ಕನಿಕರ ಬಂತು. ಆದರೂ ಹೇಳಲೇಬೇಕು: ಹಡಗು ತುಂಬಿದ ತಿಂಗಳುಗಳಲ್ಲಿ ನೂರು ರೂಪಾಯಿಯ ಒಂದು ಹಾಜರಿ ಪುಸ್ತಕ ತಂದು ಹೆಸರು ಬರೆಸುವುದು ಅವರಿಗೆ ಆಗದ ಕೆಲಸವಾಗಿರಲಿಲ್ಲ. ಅದಕ್ಕೆ ಬಂಡವಾಳ ಬೇಕಿರಲಿಲ್ಲ.

ಈಗ ನನ್ನ ಕೈಕೆಳಗೂ ಗುತ್ತಿಗೆ ಹುಡುಗರಿದ್ದಾರೆ. ಯಾರೇ ಬರಲಿ, ಮೊದಲ ದಿನವೇ ಹೆಸರು ಪುಸ್ತಕಕ್ಕೆ ಏರಿದೆಯೇ, ಪಿ.ಎಫ್. ನಂಬರು ಬಂತೇ ಅಂತ ಗುತ್ತಿಗೆದಾರರನ್ನು ಬೆನ್ನು ಹತ್ತುತ್ತೇನೆ. ಅವರಿಗೆ ನನ್ನದು ಕಿರಿಕಿರಿ. ಇರಲಿ.

ಕಾಗದ ಕಳಿಸಿದ ಮೇಲೆ ಜರಡಿ ಹುಡುಗ, ಹುಡುಗ ಅನ್ನುತ್ತೇನೆ, ಅವನಿಗೀಗ ಮೊಮ್ಮಗನಿದ್ದಾನೆ, ಮತ್ತೆ ಫೋನ್ ಮಾಡಿದ್ದ. ನನ್ನ ಕಾಗದ ಸಾಲದಂತೆ. ಜೊತೆಗೆ ಇನ್ನೊಂದು ತೊಡಕು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಪ್ಲಾಟು ಇದ್ದದ್ದು ಈಗಿನ ಒಂದು ಜಿಲ್ಲೆಯಲ್ಲಿ, ಅವನಿರುವುದು ಇನ್ನೊಂದರಲ್ಲಿ. ಇಲ್ಲಿ ಕೇಳಿದರೆ ಅಲ್ಲಿಗೆ ಅನ್ನುತ್ತಾರೆ, ಅಲ್ಲಿ ಕೇಳಿದರೆ ಇಲ್ಲಿಗೆ. ಅವನ ಮಗಳು ಆಗ ಪ್ಲಾಟಿನ ಪಕ್ಕದ ಸರ್ಕಾರಿ ಶಾಲೆಗೆ ಹೋಗುತ್ತಿದ್ದದ್ದು ನನಗೆ ಥಟ್ಟನೆ ನೆನಪಾಯಿತು. ಕೆಂಪು ಕಾಲಿನ ಸಣ್ಣ ಹುಡುಗಿ, ಸಂಜೆ ಕಾಟಾ ಮನೆಯ ಮೆಟ್ಟಿಲ ಮೇಲೆ ಕೂತು ಲಾರಿ ನಂಬರುಗಳನ್ನು ಜೋರಾಗಿ ಓದುತ್ತಿದ್ದಳು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು, ಅವನ ಉದ್ಯೋಗ, ಇರುವ ಜಾಗ ಬರೆಯುವ ಕಾಲಂ ಇರುತ್ತದೆ. ಹೆಡ್‌ಮಾಸ್ಟರರು ಅದನ್ನು ಸುಡುವಂತಿಲ್ಲ, ಬಿಸಾಡುವಂತಿಲ್ಲ. ಪರಿಹಾರ ಯಾರಿಗೆ ಅಂತ ಹುಡುಕುವ ಅಧಿಕಾರಿಗಳು ಗಣಿ ಕಂಪನಿಗಳ ಕಡತ ಕೇಳುವುದು ಬಿಟ್ಟು ಮೊದಲು ಹೊಸಪೇಟೆ, ಸಂಡೂರು ಸುತ್ತಲಿನ ಶಾಲೆಗಳ 2003ರಿಂದ 2011ರವರೆಗಿನ ದಾಖಲಾತಿ ಪುಸ್ತಕಗಳನ್ನು ತೆಗೆಸಲಿ. ಅಂಗನವಾಡಿಯ ಪುಸ್ತಕ ತೆಗೆಸಲಿ. ದುಡಿದವರ ಹೆಸರು ದುಡಿಸಿದವರು ಬರೆಯದಿದ್ದರೂ ಮಕ್ಕಳ ಹೆಸರಿನ ಮುಂದೆ ಯಾರೋ ಮೇಷ್ಟ್ರು ಬರೆದಿರುತ್ತಾರೆ. ಬರುವ ಸೋಮವಾರ ನಾನು ರಜೆ ಹಾಕಿದ್ದೇನೆ. ಅವನು ಕಂಪ್ಲಿಯಿಂದ ಮೊದಲ ಬಸ್ಸಿಗೆ ಬರುತ್ತಾನೆ, ಇಬ್ಬರೂ ಆ ಶಾಲೆಗೆ ಹೋಗುತ್ತೇವೆ.